ಪೆಂಟಿಯಂ 133: ಹಾಡು ಬರ್ತೈತೆ, ಗುಂಡಿನ ಸದ್ದು ಬರ್ತಿಲ್ಲ. ಸೌಂಡ್ ಬ್ಲಾಸ್ಟರ್ 16 ಸೌಂಡ್ ಕಾರ್ಡು ಬಲ್ಲವರು ಯಾರಾದ್ರೂ ಇದ್ದೀರಾ?

ಕೆಂಪುಮಣ್ಣು, ಬಳ್ಳಾರಿ · ಶನಿವಾರ ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ತೊಂಬತ್ತರ ದಶಕದಲ್ಲಿ ಕೌಲ್‌ಬಜಾರ್ ಕಡೆ ಕಂಪ್ಯೂಟರ್ ಕ್ಲಾಸ್ ನಡೆಸ್ತಿದ್ರು. ಡಾಸ್, ವರ್ಡ್‌ಸ್ಟಾರ್, ಲೋಟಸ್, ಫಾಕ್ಸ್‌ಪ್ರೊ, ಎಲ್ಲಾ ಸೇರಿ ಆರು ತಿಂಗಳ ಕೋರ್ಸು. ಚಪ್ಪಲಿ ಹೊರಗೆ ಬಿಟ್ಟು ಎಸಿ ರೂಮಿಗೆ ಹೋಗ್ಬೇಕಿತ್ತು ಅಂತ ಅಮ್ಮ ಈಗಲೂ ನಗ್ತಾಳೆ. ಕ್ಲಾಸು ಮುಚ್ಚಿ ಎಷ್ಟೋ ವರ್ಷ ಆಯ್ತು. ಮೊನ್ನೆ ಮನೆಗೆ ಸುಣ್ಣ ಹೊಡೆಸೋಕಂತ ಅಟ್ಟ ಖಾಲಿ ಮಾಡಿದಾಗ ಹಳೇ ದುಪ್ಪಟಿ ಸುತ್ತಿದ್ದ ಒಂದು ಡಬ್ಬಿ ಸಿಕ್ತು. ಪೆಂಟಿಯಂ 133, 16 ಎಂಬಿ ರ‍್ಯಾಮ್, ಒಳಗೆ ಉದ್ದನೆಯ ಕಪ್ಪು ಸ್ಲಾಟಿನಲ್ಲಿ ಸೌಂಡ್ ಬ್ಲಾಸ್ಟರ್ 16 ಕಾರ್ಡು. ಮೇಲೆ ಸಿಟಿ2940 ಅಂತ ಬರೆದೈತೆ. "ಬೇಕಾದ್ರೆ ಇಟ್ಕೊ, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ" ಅಂದ್ರು ಮಾಮ. ಇಟ್ಕೊಂಡೆ.

ಬೋರ್ಡಿನ ಬ್ಯಾಟರಿ ಸತ್ತಿತ್ತು, ಹೊಸ ಸಿಆರ್2032 ಹಾಕ್ದೆ. ಹಾರ್ಡ್‌ಡಿಸ್ಕ್ ಕಿರ್ ಅಂತ ಕೂಗಿದ್ರೂ ಎದ್ದೇಳ್ತು. ಡಾಸ್ 6.22 ಹಾಗೇ ಐತೆ. ಡೇವ್ ಗೇಮ್ ಆಡಿದೆ, ಪಿಸಿ ಸ್ಪೀಕರಿನಲ್ಲಿ ಕೀಂವ್ ಕೀಂವ್ ಅಂತು. ಆಮೇಲೆ ಗುಂಡು ಹಾರಿಸೋ ಆಟ ಡೂಮ್ ಹಾಕ್ದೆ. ಹಾಡು ಚೆನ್ನಾಗೇ ಬರ್ತೈತೆ. ಆದ್ರೆ ಪಿಸ್ತೂಲು ಹೊಡೆದ ತಕ್ಷಣ ಸದ್ದಿನ ಒಂದು ಚೂರು ಢ-ಢ-ಢ-ಢ ಅಂತ ಗೀರು ಬಿದ್ದ ಸಿಡಿ ಥರ ಸುತ್ತೋಕೆ ಶುರು ಮಾಡ್ತೈತೆ. ಕೆಲವು ಸಲ ಆಟಾನೇ ನಿಂತುಬಿಡ್ತೈತೆ.

ವಿಡಿಯೊ ನೋಡಿ ಆಟೊಎಕ್ಸೆಕ್ (ಮಷಿನ್ ಆನ್ ಆದಾಗ ತಾನೇ ಓಡೋ ಸಾಲುಗಳ) ಫೈಲಿನ ಕೊನೆಗೆ ಈ ಸಾಲು ಸೇರಿಸಿದ್ದೀನಿ: ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಎಚ್5 ಪಿ330 ಟಿ6. ಕಾರ್ಡು ಹೋಗಿದೆಯಾ? ಬೇರೆ ಹುಡುಕಬೇಕಾ?

ಗಂಗಾವತಿ ಭತ್ತ · ಶನಿವಾರ ರಾತ್ರಿ 10:31

ಅಣ್ಣಾ, ಹಳೇ ಡಾಸ್ ಆಟ ಹೊಸ ಕಂಪ್ಯೂಟರಿನಾಗ ನಡಸೋ ಡಾಸ್‌ಬಾಕ್ಸ್ ಅಂತ ಪ್ರೋಗ್ರಾಂ ಒಂದೈತಿ. ಲ್ಯಾಪ್‌ಟಾಪಿಗೆ ಹಾಕ್ಕೊ, ಐದು ನಿಮಿಷದಾಗ ಗುಂಡು ಹಾರ್ತೈತಿ. ಅಟ್ಟದ ಡಬ್ಬಿ ಅಟ್ಟಕ್ಕ.

ತೀನ್‌ಕಂದೀಲ್, ರಾಯಚೂರು · ಶನಿವಾರ ರಾತ್ರಿ 11:05

ತಮ್ಮಾ, ಕಾರ್ಡ್ ಹೋಗಿಲ್ಲ. ನೀ ಬರೆದಿದ್ದರಾಗ ಉತ್ತರ ಐತಿ. ಹಾಡು ಬರ್ತೈತಿ, ಸದ್ದು ಬರವಲ್ದು. ಇದನ್ನ ಹಿಡ್ಕೊ.

ಸೌಂಡ್ ಬ್ಲಾಸ್ಟರಿನೊಳಗ ಒಂದೇ ಯಂತ್ರ ಇಲ್ಲ, ಎರಡು ಸಂಸಾರ ಅದಾವ. ಒಂದು ಎಫ್‌ಎಂ ಸಂಗೀತ. ಅದು 1987ರ ಆಡ್‌ಲಿಬ್ ಸೌಂಡ್ ಕಾರ್ಡಿನ ಕಾಲದಿಂದ ಬಂದ ವಂಶ. ಪ್ರೊಸೆಸರ್ 388 ಅನ್ನೋ ಪೋರ್ಟಿಗೆ (ಚಿಪ್ಪಿನ ವಿಳಾಸಕ್ಕ) ನಾಕು ಅಂಕಿ ಬರದ್ರ ಸಾಕು, ಚಿಪ್ ತಾನs ಸ್ವರ ಹುಟ್ಟಿಸ್ತೈತಿ. ಅದಕ್ಕ ಇಂಟರಪ್ಟ್ (ಪ್ರೊಸೆಸರನ್ನ ಕರೆಯೋ ಗಂಟೆ) ಬ್ಯಾಡ, ಡಿಎಂಎ (ಪ್ರೊಸೆಸರ್ ಕೈ ಹಚ್ಚದs ಮೆಮರಿಯಿಂದ ಮಾಲು ಸಾಗಿಸೋ ದಾರಿ) ಬ್ಯಾಡ. ಎರಡನೇದು ಡಿಜಿಟಲ್ ಸದ್ದು: ಪಿಸ್ತೂಲು, ರಾಕ್ಷಸನ ಕೂಗು, ಬಾಗಲ ತೆಗೆಯೋದು. ಇದು ರೆಕಾರ್ಡ್ ಮಾಡಿದ ಮಾಲು. ಮೆಮರಿಯೊಳಗಿನ ಒಂದು ತುಂಡು ಜಾಗದಿಂದ ಡಿಎಂಎ ಅದನ್ನ ಹೊತ್ತುಕೊಂಡು ಕಾರ್ಡಿಗೆ ಹಾಕ್ತೈತಿ. ಅರ್ಧ ಜಾಗ ಖಾಲಿ ಆದ ಕೂಡ್ಲೇ ಕಾರ್ಡು ಇಂಟರಪ್ಟ್ ಬಾರಿಸಿ "ಖಾಲಿ ಆತು, ಮುಂದಿಂದು ತುಂಬ್ರೆಪ್ಪಾ" ಅಂತ ಪ್ರೊಸೆಸರಿಗೆ ಹೇಳ್ತೈತಿ.

ಆ ಗಂಟೆ ಪ್ರೊಸೆಸರಿಗೆ ಕೇಳಿಸ್ಲಿಲ್ಲ ಅಂದ್ರ? ಹೊಸ ಮಾಲು ತುಂಬೋರಿಲ್ಲ. ಡಿಎಂಎ ಮಾತ್ರ ಗಾಣದ ಎತ್ತಿನಂಗ ಅದೇ ಜಾಗ ಸುತ್ತತಾ ಇರ್ತೈತಿ. ಅದೇ ನಿನ್ನ ಢ-ಢ-ಢ-ಢ. ಅಂದ್ರ ಪೋರ್ಟ್ 220 ಸರಿ ಐತಿ, ಡಿಎಂಎ 1 ಸರಿ ಐತಿ, ಐಆರ್‌ಕ್ಯೂ, ಅಂದ್ರ ಆ ಇಂಟರಪ್ಟ್ ಗಂಟೆಯ ನಂಬರು, ಅದೊಂದು ತಪ್ಪೈತಿ. ಡಿಎಂಎ ತಪ್ಪಿದ್ರ ಸಾಮಾನ್ಯವಾಗಿ ಸುಮ್ಮಗ ಇರ್ತೈತಿ, ಇಲ್ಲಾ ಮಷಿನ್ ಗಪ್ಪನ ನಿಲ್ತೈತಿ. ಪೋರ್ಟೇ ತಪ್ಪಿದ್ರ ಆಟಕ್ಕ ಕಾರ್ಡೇ ಕಾಣಂಗಿಲ್ಲ.

ಈಗ ನಿನ್ನ ಸಾಲಿನ ವಿಷಯ. ಬ್ಲಾಸ್ಟರ್ ಸಾಲು ಕಾರ್ಡಿಗೆ ಅಪ್ಪಣೆ ಅಲ್ಲ. ಅದು ಬರೇ ಹೆಸರಿನ ಬೋರ್ಡು. ನಿಮ್ಮೂರಿನ ಇಂಗ್ಲಿಷ್ ಸ್ಪೆಲಿಂಗು 2014ರಾಗ ಬದಲಾತು, ಸ್ಟೇಷನ್ನಿನ ಬೋರ್ಡೂ ಬದಲಾತು. ಊರು ಜಾಗ ಬಿಟ್ಟು ಕದಲ್ತೇನು? ಹಂಗs ನೀ ಐ5 ಅಂತ ಬರದ್ರ ಕಾರ್ಡು 5ಕ್ಕ ಹೋಗಿ ಕೂಡಂಗಿಲ್ಲ. ಆಟ ಆ ಬೋರ್ಡ್ ಓದಿ 5ರ ಬಾಗಲಿಗೆ ಕಿವಿ ಹಚ್ಚಿ ಕುಂತೈತಿ, ಕಾರ್ಡು ಬ್ಯಾರೆ ಯಾವ್ದೋ ಬಾಗಲ ಬಡಿಲಿಕ್ಕತ್ತೈತಿ.

ನಿಂದು ಪ್ಲಗ್ ಅಂಡ್ ಪ್ಲೇ ಕಾರ್ಡು. ಮೊದಲಿನ ಸೌಂಡ್ ಬ್ಲಾಸ್ಟರ್ 16, ಅಂದ್ರ 1992ರ ಹೊತ್ತಿನವು, ಅದರಾಗ ಪೋರ್ಟು, ಐಆರ್‌ಕ್ಯೂ, ಡಿಎಂಎ ಎಲ್ಲಾ ಜಂಪರ್ (ಪಿನ್ನಿಗೆ ಸಿಕ್ಕಿಸೋ ಸಣ್ಣ ಟೊಪ್ಪಿಗಿ) ಮ್ಯಾಲ. ಚಿಮಟಾ ತಗೊಂಡು ಕಿತ್ತು ಹಾಕಿದ್ವಿ ಅಂದ್ರ ಮುಗೀತು, ಕಾರ್ಡ್ ಸಾಯೋತನಕ ಅದೇ ನಂಬರು. ನಿನ್ನ ಕಾರ್ಡಿಗೆ ಪ್ರತಿ ಸಲ ಮಷಿನ್ ಹಚ್ಚಿದಾಗ ಯಾರರ ಹೇಳಬೇಕು. ನಿನ್ನ ಆಟೊಎಕ್ಸೆಕ್‌ನಾಗ ಸಿಟಿಸಿಎಂ, ಸಿಟಿಸಿಯು ಅಂತ ಎರಡು ಸಾಲು ಇರಬೇಕು, ನೋಡು. ಹೇಳೋರು ಅವರು.

ನಾಳೆ ಇಷ್ಟು ಮಾಡು. ನೀ ಸೇರಿಸಿದ ಸಾಲು ನಡೀದಂಗ ಅದರ ಮುಂದ ರೆಮ್ ಅಂತ ಹಾಕಿ ರೀಬೂಟ್ ಮಾಡು. ಸೆಟ್ ಅಂತ ಟೈಪ್ ಮಾಡಿ ಎಂಟರ್ ಒತ್ತು. ಬ್ಲಾಸ್ಟರ್ ಎದುರಿಗೆ ಐ ಮುಂದ ಎಷ್ಟು ಬಂತು ಹೇಳು.

ಕಿನ್ನಾಳಗೊಂಬೆ, ಕೊಪ್ಪಳ · ಭಾನುವಾರ ಬೆಳಗ್ಗೆ 7:15

ತೀನ್‌ಕಂದೀಲ್ ಸರ್ ಹೇಳಿದ್ದಕ್ಕೆ ಒಂದೇ ಒಂದು ಸೇರಿಸ್ತೀನಿ. ಕೆಂಪುಮಣ್ಣು, ಏನು ಮಾಡೋದಕ್ಕೂ ಮುಂಚೆ ಕಾರ್ಡ್ ಹೊರಗೆ ತೆಗೆದು ಅದರ ಚಿನ್ನದ ಹಲ್ಲುಗಳನ್ನು ನೋಡಿದ್ದೀರಾ? ಬಳ್ಳಾರಿಯ ಅಟ್ಟದಲ್ಲಿ ಅಷ್ಟು ವರ್ಷ ಇದ್ದದ್ದು ಅಂದರೆ ಊಹಿಸಬಲ್ಲೆ. ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ಟಿನ ಬರೀ ಲೋಹ ಮುಟ್ಟಿ, ಆಮೇಲೆ ಕಾರ್ಡಿನ ಸ್ಕ್ರೂ ಬಿಚ್ಚಿ ಎರಡೂ ತುದಿ ಹಿಡಿದು ನೇರ ಮೇಲಕ್ಕೆ ಎತ್ತಿ. ಅಲ್ಲಾಡಿಸಿ ಎಳೆಯಬೇಡಿ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ, ಒಂದೇ ದಿಕ್ಕಿನಲ್ಲಿ ಉಜ್ಜಿ. ಪುಡಿ ಕೊಡವಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸ್ಲಾಟಿನೊಳಕ್ಕೆ ಬ್ರಷ್ ಮಾತ್ರ, ರಬ್ಬರ್ ಬೇಡ.

ಕೆಂಪುಮಣ್ಣು, ಬಳ್ಳಾರಿ · ಭಾನುವಾರ ಮಧ್ಯಾಹ್ನ 1:40

ಅಕ್ಕಾ, ನೀವು ಹೇಳಿದ್ದು ಖರೆ. ಹಲ್ಲಿನ ಮೇಲೆ ಕುಂಕುಮ ಹಚ್ಚಿದಂಗಿತ್ತು. ಬಿಳಿ ರಬ್ಬರು ಉಜ್ಜಿ ಉಜ್ಜಿ ಇಟ್ಟಿಗೆ ಬಣ್ಣ ಆಯ್ತು. ಒಂದು ಹಲ್ಲಿನ ಹತ್ರ ಜೇಡ ಗೂಡು ಕಟ್ಟಿತ್ತು. ಉಜ್ಜಿದ ಮೇಲೆ ಹೊಳೀತೈತೆ ನೋಡಿ, ಮದುವೆ ಮನೆ ಬಳೆ ಥರ.

ಸ್ಲಾಟಿನ ಧೂಳು ಬ್ರಷ್‌ಗೆ ಪೂರ್ತಿ ಬರ್ತಿಲ್ಲ. ಅದಿರಿನ ಧೂಳಲ್ವಾ, ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಿಡಿದು ಎಳೀಲಾ?

ಕಿನ್ನಾಳಗೊಂಬೆ, ಕೊಪ್ಪಳ · ಭಾನುವಾರ ಮಧ್ಯಾಹ್ನ 1:52

ಅಯ್ಯೋ ಬೇಡಪ್ಪಾ! ಸಂಡೂರು ಸೀಮೆಯ ಅದಿರು ಬಹುಪಾಲು ಹೆಮಟೈಟ್. ಅದು ಅಯಸ್ಕಾಂತಕ್ಕೆ ಅಂಟೋದು ತೀರಾ ಕಡಿಮೆ. ಧೂಳು ಅಲ್ಲೇ ಇರುತ್ತೆ, ಪಕ್ಕದಲ್ಲಿಟ್ಟ ಫ್ಲಾಪಿಗಳು ಮಾತ್ರ ಅಳಿಸಿಹೋಗ್ತವೆ. ಸೈಕಲ್ ಪಂಪಿನಿಂದ ಗಾಳಿ ಹೊಡೀರಿ, ಸಾಕು.

ಗಂಗಾವತಿ ಭತ್ತ · ಭಾನುವಾರ ಮಧ್ಯಾಹ್ನ 1:58

ರೈಸ್ ಮಿಲ್ಲಿನ ಬ್ಲೋವರ್ ಬೇಕಂದ್ರ ಹೇಳ್ರಿ, ಕಳಿಸ್ತೀನಿ. ಕಾರ್ಡೂ ಹಾರಿ ಹೋಗ್ತೈತಿ.

ಕೆಂಪುಮಣ್ಣು, ಬಳ್ಳಾರಿ · ಭಾನುವಾರ ಮಧ್ಯಾಹ್ನ 3:10

ಅಣ್ಣಾ, ರೆಮ್ ಹಾಕಿ ನೋಡ್ದೆ. ಬ್ಲಾಸ್ಟರ್ ಎದುರಿಗೆ ಎ220 ಐ10 ಡಿ1 ಎಚ್5 ಪಿ330 ಟಿ6 ಅಂತ ಬಂತು. ನೀವು ಹೇಳಿದಂಗೇ! ಕಾರ್ಡು 10ರಲ್ಲಿ ಕುಂತೈತೆ, ನಾನು 5 ಅಂತ ಬೋರ್ಡು ಬರೆದಿದ್ದೆ. ಆದ್ರೆ ಎಲ್ಲರೂ 5 ಅಂತಾರೆ, ಇದ್ಯಾಕೆ 10ಕ್ಕೆ ಹೋಯ್ತು?

ತೀನ್‌ಕಂದೀಲ್, ರಾಯಚೂರು · ಭಾನುವಾರ ಸಂಜೆ 5:30

ಯಾಕ ಹೋತು ಅಂದ್ರ 5ರಾಗ ಯಾರೋ ಬಾಡಿಗಿಗೆ ಕುಂತಾರ. ಯಾರು ಅಂತ ಹಿಡೀಬೇಕು.

ಡಾಸ್ ಕಾಲದ ಮಷಿನ್ನಿನಾಗ ಐಆರ್‌ಕ್ಯೂ ಅಂದ್ರ ಒಟ್ಟು 16 ಖೋಲಿ ಇರೋ ವಠಾರ, 0ಯಿಂದ 15. 0 ಟೈಮರ್ರು, 1 ಕೀಬೋರ್ಡು, 2 ಎರಡನೇ ಕಂಟ್ರೋಲರಿಗೆ ಹೋಗೋ ದಾರಿ, 3 ಮತ್ತು 4 ಸೀರಿಯಲ್ ಪೋರ್ಟು, 6 ಫ್ಲಾಪಿ, 7 ಪ್ರಿಂಟರು, 8 ಗಡಿಯಾರ, 13 ಲೆಕ್ಕದ ಯೂನಿಟ್ಟು, 14-15 ಹಾರ್ಡ್‌ಡಿಸ್ಕು. ಪಿಎಸ್2 ಮೌಸ್ ಇದ್ರ 12 ಸೈತ ಹೋತು. ಉಳದದ್ದು 5, 9, 10, 11. 5 ಎರಡನೇ ಪ್ರಿಂಟರಿಗೆ ಅಂತ ಇಟ್ಟಿದ್ರು. ಎರಡು ಪ್ರಿಂಟರ್ ಯಾರ ಮನ್ಯಾಗಿತ್ತು? ಅದಕ್ಕ ಸೌಂಡ್ ಕಾರ್ಡಿನವರು ಅಲ್ಲಿ ಬಿಸ್ತರ ಹಾಸಿದ್ರು.

10ರಾಗ ಇದ್ರೇನು ತಪ್ಪು ಅಂತ ಕೇಳ್ತಿ. ಡೂಮ್ ಅಂಥ ಆಟಕ್ಕ ನಡೀಬಹುದು. ಆದ್ರ 1989ರ ಮೊದಲ ಸೌಂಡ್ ಬ್ಲಾಸ್ಟರ್ ನೋಡಿ ಬರೆದ ಆಟಗಳಿಗೆ 10 ಅಂಬೋ ಖೋಲಿ ಐತಿ ಅಂತನs ಗೊತ್ತಿಲ್ಲ. ಅವು ಬಡಿಯೋದು 2, 3, 5, 7, ಅಷ್ಟೇ. ಕೆಲವು ಆಟ ಬ್ಲಾಸ್ಟರ್ ಸಾಲು ಓದೋದs ಇಲ್ಲ. ಹಂಗಾಗಿ 5 ಬಿಡಿಸಿಕೊಳ್ಳೋದು ಬೇಸಿ.

ಹಿಡಿಯೋದು ಹೆಂಗ? ಮಷಿನ್ ಹಚ್ಚಿದ ಕೂಡ್ಲೇ ಮೆಮರಿ ಎಣಿಸಿದ ಮ್ಯಾಲ ಒಂದು ದೊಡ್ಡ ಪಟ್ಟಿ ಕಣ್ಣು ಮಿಟುಕಿಸೋದ್ರೊಳಗ ಬಂದು ಹೋಗ್ತೈತಿ. ಆಗ ಪಾಸ್ (Pause) ಕೀ ಒತ್ತಬೇಕು. ಪಟ್ಟಿ ನಿಲ್ತೈತಿ. ಕೆಳಗ ಪಿಸಿಐ (ಹೊಸ ನಮೂನಿ ಸ್ಲಾಟಿನ) ಕಾರ್ಡುಗಳ ಹೆಸರು, ಎದುರಿಗೆ ಐಆರ್‌ಕ್ಯೂ ನಂಬರ್ ಇರ್ತೈತಿ. ಫೋಟೊ ಹೊಡದು ಹಾಕು.

ಕೆಂಪುಮಣ್ಣು, ಬಳ್ಳಾರಿ · ಭಾನುವಾರ ರಾತ್ರಿ 8:05

ನಾಲ್ಕು ಸಲ ರೀಬೂಟ್ ಮಾಡಿದ ಮೇಲೆ ಪಾಸ್ ಒತ್ತೋಕೆ ಕೈ ಕುದುರ್ತು. ಫೋಟೊ ಮಬ್ಬಾಗಿದೆ, ಬರೆದೇ ಹೇಳ್ತೀನಿ. ಡಿಸ್‌ಪ್ಲೇ ಕಂಟ್ರೋಲರ್ 11. ನೆಟ್‌ವರ್ಕ್ ಕಂಟ್ರೋಲರ್ 5.

ಮಾಮನ್ನ ಕೇಳಿದ್ರೆ, "ಹೌದು, ಕ್ಲಾಸಿನಲ್ಲಿ ಮಷಿನ್‌ಗಳನ್ನ ಒಂದಕ್ಕೊಂದು ಜೋಡಿಸಬೇಕಂತ ಹಾಕಿಸಿದ್ದೆ, ಒಂದು ದಿನಾನೂ ನೆಟ್ಟಗೆ ನಡೀಲಿಲ್ಲ" ಅಂದ್ರು. ಅದು ಹಾಕಿಸಿದ ಮೇಲೆ ಕ್ಲಾಸಿನ ಹುಡುಗರು "ಸರ್, ಗೇಮ್ ಸೌಂಡ್ ಹೋಯ್ತು" ಅಂತ ದೂರೋರಂತೆ. ಓದೋಕೆ ಬಂದೀರಾ ಆಡೋಕೆ ಬಂದೀರಾ ಅಂತ ಬೈದು ಕಳಿಸ್ತಿದ್ರಂತೆ.

ತೀನ್‌ಕಂದೀಲ್, ರಾಯಚೂರು · ಭಾನುವಾರ ರಾತ್ರಿ 8:40

ಹಾ ಹಾ, ಸಿಕ್ಕ ಕಳ್ಳ. ಪಾಪ ಆ ಹುಡುಗರು.

ಪಿಸಿಐ ಕಾರ್ಡುಗಳು ತಮ್ಮ ತಮ್ಮೊಳಗ ಒಂದು ಐಆರ್‌ಕ್ಯೂ ಹಂಚಿಕೊಂಡು ಬಾಳ್ವಿ ಮಾಡ್ತಾವ. ಹಳೇ ಐಎಸ್‌ಎ ಕಾರ್ಡು, ಅಂದ್ರ ನಿನ್ನ ಉದ್ದ ಕಪ್ಪು ಸ್ಲಾಟಿಂದು, ಹಂಗ ಹಂಚಿಕೊಳ್ಳಂಗಿಲ್ಲ. ಗಂಟೆ ಬಾರಿಸೋ ರೀತಿನೇ ಬ್ಯಾರೆ: ಐಎಸ್‌ಎದು ತಂತಿ ಮ್ಯಾಲೇರೋ ಕ್ಷಣ ನೋಡ್ತೈತಿ, ಪಿಸಿಐದು ತಂತಿ ಕೆಳಗ ಹಿಡದು ನಿಂತಿರೋದನ್ನ ನೋಡ್ತೈತಿ. ಹಂಗಾಗಿ ಒಂದೇ ಖೋಲಿಯೊಳಗ ಇಬ್ಬರನ್ನ ಇಡಬಾರದು.

ನಿನಗ ಎರಡು ದಾರಿ ಅದಾವ. ನೆಟ್‌ವರ್ಕ್ ಕಾರ್ಡ್ ಕಿತ್ತು ಒಗೆಯೋದು ಸುಲಭ. ಅದು ಇರಲಿ ಅಂದ್ರ ಬಯೋಸಿನೊಳಗ ಹೋಗು. ಡಿಲೀಟ್ ಕೀ ಒತ್ತಿದ್ರ ನೀಲಿ ಪರದೆ ಬರ್ತೈತಿ. ಪಿಎನ್‌ಪಿ-ಪಿಸಿಐ ಕಾನ್ಫಿಗರೇಶನ್ ಅಂತ ಒಂದು ಮೆನು ಐತಿ. ಅದರಾಗ ಪಿಎನ್‌ಪಿ ಓಎಸ್ ಇನ್‌ಸ್ಟಾಲ್ಡ್ ಅಂಬೋದಕ್ಕ ನೋ ಇಡು, ಡಾಸ್ ಏನು ಪ್ಲಗ್ ಅಂಡ್ ಪ್ಲೇ ಬಲ್ಲಂಥಾದ್ದಲ್ಲ. ರಿಸೋರ್ಸಸ್ ಮ್ಯಾನ್ಯುವಲ್ ಮಾಡು. ಐಆರ್‌ಕ್ಯೂ 5, ಡಿಎಂಎ 1, ಡಿಎಂಎ 5, ಈ ಮೂರನ್ನೂ ಲೆಗಸಿ ಐಎಸ್‌ಎ ಅಂತ ಬದಲಿಸು. "ಇದು ಕಾದಿಟ್ಟ ಸೀಟು, ಯಾರೂ ಕೂಡಬ್ಯಾಡ್ರಿ" ಅಂತ ಟವೆಲ್ ಹಾಕಿದಂಗ. ಬಸ್‌ಸ್ಟ್ಯಾಂಡಿನಾಗ ಕಿಟಕಿಯಿಂದ ಹಾಕ್ತೀವಲ್ಲ, ಹಂಗ. ಆಮ್ಯಾಲ ಸೇವ್ ಮಾಡಿ ಹೊರಗ ಬಾ.

ಇನ್ನ ಕಾರ್ಡಿಗೆ 5ಕ್ಕ ಹೋಗು ಅಂತ ಹೇಳಬೇಕು. ಸಿಟಿಸಿಎಂ ಜೋಡಿ ಜಗಳಾಡಬ್ಯಾಡ, ಅದು ತನ್ನ ಮನಸ್ಸಿಗೆ ಬಂದಂಗ ಮಾಡ್ತೈತಿ. ಯೂನಿಸೌಂಡ್ ಅಂತ ಸಣ್ಣ ಪ್ರೋಗ್ರಾಂ ಐತಿ, ಪುಕ್ಕಟೆ. ಅದೊಂದು ಫೈಲ್ ಇಳಿಸಿಕೊಂಡು ಫ್ಲಾಪಿಗೆ ಹಾಕಿ ಒಯ್ಯಿ. ಅದರ ಗಮ್ಮತ್ತು ಏನಂದ್ರ, ಬೋರ್ಡಿನ ಮಾತು ಹೇಳಿದ್ನಲ್ಲ, ಇದು ಅದನ್ನ ಉಲ್ಟಾ ಮಾಡ್ತೈತಿ. ಮೊದಲು ಬ್ಲಾಸ್ಟರ್ ಸಾಲು ಓದ್ತೈತಿ, ಅದರಾಗಿದ್ದಂಗ ಕಾರ್ಡನ್ನ ಒಯ್ದು ಕೂಡಸ್ತೈತಿ. ಬೋರ್ಡ್ ಬರದಲ್ಲಿ ಊರ ಬರ್ತೈತಿ! ಅದಕ್ಕ ಆಟೊಎಕ್ಸೆಕ್‌ನಾಗ ಮೊದಲು ಸೆಟ್ ಬ್ಲಾಸ್ಟರ್ ಸಾಲು, ಅದರ ಕೆಳಗ ಯೂನಿಸೌಂಡ್. ಸಿಟಿಸಿಎಂ, ಸಿಟಿಸಿಯು ಎರಡರ ಮುಂದೂ ರೆಮ್. ಮ್ಯಾಲ ಕೆಳಗ ಮಾಡಬ್ಯಾಡ.

ಸಾಲಿನ ಅರ್ಥನೂ ತಿಳ್ಕೊ: ಎ ಅಂದ್ರ ಪೋರ್ಟು, ಐ ಐಆರ್‌ಕ್ಯೂ, ಡಿ 8 ಬಿಟ್ಟಿನ ಡಿಎಂಎ, ಎಚ್ 16 ಬಿಟ್ಟಿನ ಡಿಎಂಎ, ಪಿ ಮಿಡಿ ಪೋರ್ಟು, ಟಿ ಕಾರ್ಡಿನ ಜಾತಿ. 6 ಅಂದ್ರ ಸೌಂಡ್ ಬ್ಲಾಸ್ಟರ್ 16.

ಸಿಂಧನೂರು 486 · ಭಾನುವಾರ ರಾತ್ರಿ 9:15

ಸಂದ್ಯಾಗ ನನ್ನದೂ ಒಂದು ಪ್ರಶ್ನೆ. ನನ್ನ ಹತ್ರ ಪೆಂಟಿಯಂ 3 ಐತಿ, ಅದರಾಗ ಪಿಸಿಐ ಸೌಂಡ್ ಬ್ಲಾಸ್ಟರ್ ಲೈವ್. ವಿಂಡೋಸ್ 98ರಾಗ ಹಾಲು ಕುಡಿದಂಗ ಕೆಲಸ ಮಾಡ್ತೈತಿ. ಬರೇ ಡಾಸಿಗೆ ಹೋದ್ರ ಅರ್ಧ ಆಟ ಮೂಕ, ಬಂದ ಹಾಡು ಸೈತ ಯಾರೋ ಬ್ಯಾರೇನs ಬಾರ್ಸಿದಂಗ ಕೇಳಸ್ತೈತಿ. ಅದೂ ಸೌಂಡ್ ಬ್ಲಾಸ್ಟರೇ ಅಲ್ಲೇನ್ರಿ?

ತೀನ್‌ಕಂದೀಲ್, ರಾಯಚೂರು · ಭಾನುವಾರ ರಾತ್ರಿ 9:34

ಹೆಸರು ಅದೇ, ರಕ್ತ ಬ್ಯಾರೆ. 1998ರ ಲೈವ್ ಕಾರ್ಡಿನಾಗ ಹಳೇ ಎಫ್‌ಎಂ ಚಿಪ್ ಇಲ್ಲ, ಐಎಸ್‌ಎ ಡಿಎಂಎ ದಾರಿನೂ ಇಲ್ಲ. ಡಾಸ್ ಡ್ರೈವರ್ ಒಂದು ವೇಷ ಹಾಕಿ ನಾಟಕ ಆಡ್ತೈತಿ, ಅದಕ್ಕ ಇಎಂಎಂ386 ಅನ್ನೋ ಡಾಸಿನ ಮೆಮರಿ ಪ್ರೋಗ್ರಾಂ ಇರ್ಲೇಬೇಕು. ಎಫ್‌ಎಂ ಸ್ವರದ ಬದಲಿಗೆ ರೆಕಾರ್ಡ್ ಮಾಡಿದ ವಾದ್ಯದ ಸದ್ದು ಹಾಕ್ತೈತಿ, ಅದಕ್ಕs ನಿನಗ ಬ್ಯಾರೆ ಕೇಳಸೋದು. ನಿನ್ನ ಬೋರ್ಡಿನಾಗ ಒಂದರ ಐಎಸ್‌ಎ ಸ್ಲಾಟ್ ಇದ್ರ ಯಾವುದರ ಇಎಸ್‌ಎಸ್ 1868 ಕಾರ್ಡ್ ಹಾಕು. ಗುಜರಿಯವರು ಅದನ್ನ ಲೋಕಲ್ ಮಾಲು ಅಂತ ಮೂಸೋದಿಲ್ಲ, ನಾನಂತೂ ಡಾಸಿಗೆ ಅದನ್ನs ಮೊದಲು ಹುಡುಕ್ತೀನಿ. ಲೈವ್ ಹಂಗs ಇರಲಿ, ವಿಂಡೋಸಿಗೆ. ಎರಡೂ ಒಂದೇ ಮಷಿನ್ನಿನಾಗ ಬಾಳ್ತಾವ, ಲೈವಿನ ಡಾಸ್ ಡ್ರೈವರ್ ಮಾತ್ರ ಏರಿಸಬ್ಯಾಡ.

ಐಎಸ್‌ಎ ಸ್ಲಾಟೇ ಇಲ್ಲದ ಮಷಿನ್ ಇದ್ದೋರು ಎಸ್‌ಬಿಇಎಂಯು ನೋಡ್ರಿ. ಬೋರ್ಡಿನೊಳಗಿನ ಎಸಿ97, ಎಚ್‌ಡಿ ಆಡಿಯೊ ಚಿಪ್ಪನ್ನ ಡಾಸಿನಾಗ ಸೌಂಡ್ ಬ್ಲಾಸ್ಟರ್ ಅಂತ ತೋರಸ್ತೈತಿ.

ಗಂಗಾವತಿ ಭತ್ತ · ಭಾನುವಾರ ರಾತ್ರಿ 9:50

ಇಷ್ಟೆಲ್ಲಾ ವೇಷ, ನಾಟಕ, ಬಯಲಾಟ. ನಾ ಮತ್ತ ಹೇಳ್ತೀನಿ, ಡಾಸ್‌ಬಾಕ್ಸ್. ಅದರಾಗ ಐಆರ್‌ಕ್ಯೂ ಜಗಳಿಲ್ಲ, ಜೇಡ ಇಲ್ಲ.

ಕಿನ್ನಾಳಗೊಂಬೆ, ಕೊಪ್ಪಳ · ಭಾನುವಾರ ರಾತ್ರಿ 10:10

ಭತ್ತ ಅವರೇ, ಆಟ ಆಡೋದಷ್ಟೇ ಬೇಕಿದ್ದರೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ನಾನೂ ಮಕ್ಕಳಿಗೆ ಅದನ್ನೇ ಹಾಕಿಕೊಡ್ತೀನಿ. ಆದರೆ ಪಾಲಿಟೆಕ್ನಿಕ್‌ನಲ್ಲಿ ಇಂಟರಪ್ಟ್ ಪಾಠ ಮಾಡುವಾಗ ಬೋರ್ಡಿನ ಮೇಲೆ ಎಷ್ಟು ಚಿತ್ರ ಬರೆದರೂ ಹುಡುಗರ ಕಣ್ಣು ಗಡಿಯಾರದ ಮೇಲೇ ಇರುತ್ತೆ. ಒಂದು ವರ್ಷ ಒಂದು 486 ಹೊತ್ತುಕೊಂಡು ಹೋಗಿ, ಕಾರ್ಡಿನ ಜಂಪರ್ 5ರಿಂದ 7ಕ್ಕೆ ಬದಲಿಸಿ, ಇದೇ ಢ-ಢ-ಢ ಕೇಳಿಸಿದೆ. ಹಿಂದಿನ ಬೆಂಚಿನವರು ಎದ್ದು ಮುಂದೆ ಬಂದರು. ಡಾಸ್‌ಬಾಕ್ಸಿನ ಸೆಟ್ಟಿಂಗಿನಲ್ಲೂ 220, 7, 1 ಅಂತ ಬರೆದಿರುತ್ತಲ್ಲ, ಅದು ಎಲ್ಲಿಂದ ಬಂತು ಅಂದುಕೊಂಡಿರಿ?

ಗಂಗಾವತಿ ಭತ್ತ · ಭಾನುವಾರ ರಾತ್ರಿ 10:12

ಮೇಡಂ, ನೀವು ಹೇಳಿದ್ ಮ್ಯಾಲ ಮುಗೀತು. ಹಿಂದಿನ ಬೆಂಚಿನವ ನಾನೇ.

ಕೆಂಪುಮಣ್ಣು, ಬಳ್ಳಾರಿ · ಸೋಮವಾರ ರಾತ್ರಿ 9:25

ಬಂತು ಅಣ್ಣಾ ಬಂತು!!! ಬಯೋಸಿನಲ್ಲಿ ಟವೆಲ್ ಹಾಕ್ದೆ. ನೆಟ್‌ವರ್ಕ್ ಕಾರ್ಡು 9ಕ್ಕೆ ಹೋಯ್ತು. ಯೂನಿಸೌಂಡ್ ಒಂದೇ ಸಾಲಲ್ಲಿ ಕಾರ್ಡಿನ ಹೆಸರು, 220, 5, 1, 5 ಎಲ್ಲಾ ತೋರಿಸ್ತು. ಡೂಮ್ ಸೆಟಪ್ಪಿನಲ್ಲಿ ಮತ್ತೆ ಸೌಂಡ್ ಬ್ಲಾಸ್ಟರ್ ಆರಿಸಿದೆ. ಪಿಸ್ತೂಲು ಹೊಡೆದ್ರೆ ಢಂ, ಒಂದೇ ಢಂ. ಮೂಲೆಯಲ್ಲಿ ನಿಂತವನು ನನ್ನ ನೋಡಿ ಗೊರ್ ಅಂದ. ಎಡಗಡೆಯಿಂದ ಬಂದ್ರೆ ಎಡ ಸ್ಪೀಕರಲ್ಲೇ ಕೇಳಿಸ್ತೈತೆ. ಅಡುಗೆಮನೆಯಿಂದ ಅಮ್ಮ "ಏನೋ ಅದು, ನಾಯಿ ಒಳಗೆ ಬಂತಾ" ಅಂತ ಓಡಿ ಬಂದ್ಲು.

ಈಗ ಇನ್ನೊಂದು ರಗಳೆ. ಸ್ಪೀಕರಲ್ಲಿ ಯಾವಾಗ್ಲೂ ಗುಂಯ್ ಅಂತ ಒಂದು ನಾದ. ಅದರ ಮೇಲೆ ಸಣ್ಣಗೆ ಸುಯ್. ಮೌಸ್ ಆಡಿಸಿದ್ರೆ ಚಿರ್ ಚಿರ್. ಕ್ಯಾಬಿನೆಟ್ ಮುಟ್ಟಿದ್ರೆ ಬೆರಳು ಜುಮ್ ಅನ್ನುತ್ತೆ.

ಕಿನ್ನಾಳಗೊಂಬೆ, ಕೊಪ್ಪಳ · ಸೋಮವಾರ ರಾತ್ರಿ 9:48

ಅಭಿನಂದನೆ! ಆದರೆ ಕೊನೆಯ ವಾಕ್ಯ ಓದಿ ನಾನು ಎದ್ದು ಕೂತೆ. ಮೊದಲು ಅದಕ್ಕೆ ಉತ್ತರ, ಆಟ ಆಮೇಲೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ ಅಂದರೆ ನಿಮ್ಮ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ, ಅಥವಾ ಇದ್ದರೂ ತುಂಡಾಗಿದೆ. ಎಸ್‌ಎಂಪಿಎಸ್‌ನ (ಕಂಪ್ಯೂಟರಿನ ಪವರ್ ಸಪ್ಲೈ) ಬಾಯಲ್ಲಿ ಎರಡು ಪುಟ್ಟ ಕೆಪಾಸಿಟರ್ ಇರ್ತವೆ, ಒಂದು ಫೇಸ್‌ನಿಂದ ಕ್ಯಾಬಿನೆಟ್ಟಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ. ಗದ್ದಲವನ್ನೆಲ್ಲ ಭೂಮಿಗೆ ಇಳಿಸೋದು ಅವುಗಳ ಕೆಲಸ. ಅರ್ಥ್ ತಂತಿ ಇಲ್ಲದಿದ್ದರೆ ಇಳಿಯೋಕೆ ದಾರಿ ಇಲ್ಲ. ಎರಡರ ನಡುವೆ ಸಿಕ್ಕಿಕೊಂಡ ಕ್ಯಾಬಿನೆಟ್ಟು ಸುಮಾರು ಅರ್ಧ ವೋಲ್ಟೇಜಿನಲ್ಲಿ ತೇಲುತ್ತಿರುತ್ತೆ, ಅಂದರೆ 230ರಲ್ಲಿ 115ರ ಹತ್ತಿರ. ಕರೆಂಟ್ ಅತ್ಯಲ್ಪ, ಅದಕ್ಕೇ ಜುಮ್ ಅಷ್ಟೇ. ಆದರೆ ಎಸ್‌ಎಂಪಿಎಸ್ ಒಳಗೆ ಏನಾದರೂ ಕೆಟ್ಟರೆ ಅದು ಜುಮ್‌ನಲ್ಲಿ ನಿಲ್ಲೋದಿಲ್ಲ. ನಾಳೆಯೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ್ದರೆ ಈಗಲೇ ಕಿತ್ತುಬಿಡಿ. ಬೇಸಿಗೆಯಲ್ಲಿ ನಮ್ಮ ಕಡೆ ನೆಲ ಒಣಗಿ ಬಿರಿದಿರುತ್ತೆ, ಅರ್ಥ್ ಗುಂಡಿಗೆ ನೀರು ಹಾಕೋದನ್ನು ಎಲ್ಲರೂ ಮರೆತಿರ್ತಾರೆ. ಒಂದು ಬಕೆಟ್ ನೀರು ಹಾಕಿ ನೋಡಿ.

ಅಷ್ಟಾದರೆ ಗುಂಯ್ ಅರ್ಧ ಹೋಗಬಹುದು. ಆಮೇಲೆ ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ. ಬೇರೆ ಬೇರೆ ಗೋಡೆಯ ಸಾಕೆಟ್ಟಿಗೆ ಹಾಕಿದರೆ ಅರ್ಥ್ ದಾರಿಗಳ ನಡುವೆ ಸುತ್ತು ಏರ್ಪಟ್ಟು ಅದೇ ಗುಂಯ್ ಹುಟ್ಟಿಸುತ್ತೆ.

ಇನ್ನು ಸುಯ್. ಮಿಕ್ಸರ್ ಪ್ರೋಗ್ರಾಂ ತೆರೆದು ಮೈಕ್, ಲೈನ್-ಇನ್, ಪಿಸಿ ಸ್ಪೀಕರ್, ಹಾಗೆಯೇ ತಂತಿ ಹಾಕಿಲ್ಲದಿದ್ದರೆ ಸಿಡಿ, ಇಷ್ಟನ್ನೂ ಸೊನ್ನೆಗಿಳಿಸಿ. ಏನೂ ಜೋಡಿಸದ ಬಾಯಿಗಳೆಲ್ಲ ತೆರೆದ ಕಿಟಕಿ ಇದ್ದ ಹಾಗೆ, ಬೋರ್ಡಿನ ಗದ್ದಲ ಅಲ್ಲಿಂದಲೇ ಒಳಗೆ ಬರುತ್ತೆ. ಮೌಸಿನ ಚಿರ್ ಚಿರ್ ಬಹುಶಃ ಇದರಲ್ಲೇ ಹೋಗುತ್ತೆ. ಕಾರ್ಡನ್ನು ಗ್ರಾಫಿಕ್ಸ್ ಕಾರ್ಡಿನಿಂದ ಆದಷ್ಟು ದೂರದ ಸ್ಲಾಟಿಗೆ ಸರಿಸಿ.

ಆ ಕಾಲದ ಎಷ್ಟೋ ಕಾರ್ಡುಗಳಲ್ಲಿ ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತೆ, ಕರೆಂಟ್ ಬೇಡದ ಸ್ಪೀಕರ್ ನಡೆಸೋಕೆ. ಸುಯ್ ಅನ್ನೋದರಲ್ಲಿ ಅದರ ಪಾಲು ದೊಡ್ಡದು. ನಿಮ್ಮ ಸ್ಪೀಕರಿಗೆ ತನ್ನದೇ ಆಂಪ್ಲಿಫೈಯರ್ ಇದೆ ಅಂದಮೇಲೆ ಎರಡೆರಡು ಸಲ ಹಿಗ್ಗಿಸೋದು ಯಾಕೆ? ಲೈನ್-ಔಟ್ ತೂತು ಇದ್ದರೆ ಅದಕ್ಕೆ ಹಾಕಿ. ಇಲ್ಲದಿದ್ದರೆ ಆಂಪ್ಲಿಫೈಯರ್ ತಪ್ಪಿಸುವ ಜಂಪರ್ ಇದೆಯಾ ಅಂತ ಕಾರ್ಡಿನ ಮೇಲೆ ಹುಡುಕಿ.

ಸಿಂಧನೂರು 486 · ಸೋಮವಾರ ರಾತ್ರಿ 10:05

ಅರ್ಥ್ ಗುಂಡಿಗೆ ನೀರು ಹಾಕೋ ಮಾತು ಓದಿ ನಮ್ಮಪ್ಪ ನೆನಪಾದ್ರು. ಉಪ್ಪು, ಇದ್ದಲಿ ಹಾಕಿ ಗುಂಡಿ ಮುಚ್ಚಿಸಿ, ದೀಪಾವಳಿಗೊಮ್ಮೆ ನೀರು ಹಾಕ್ತಿದ್ರು. ನಾವು ಪೂಜೆ ಅಂತ ತಿಳ್ಕೊಂಡಿದ್ವಿ.

ಅಂದಂಗ ಇಎಸ್‌ಎಸ್ ಕಾರ್ಡ್ ಎಲ್ಲಿ ಹುಡುಕಲಿ? ಬೆಂಗಳೂರು ಎಸ್‌ಪಿ ರೋಡ್ ದೂರ.

ತೀನ್‌ಕಂದೀಲ್, ರಾಯಚೂರು · ಮಂಗಳವಾರ ಬೆಳಗ್ಗೆ 8:20

ನಮಗ ಬೆಂಗಳೂರಿಗಿಂತ ಹೈದರಾಬಾದ್ ಸಮೀಪ. ನಾನು ಅಂಗಡಿ ಇಟ್ಟಾಗ ಮಾಲೆಲ್ಲಾ ಸಿಕಂದರಾಬಾದಿನ ಪಾರ್ಕ್ ಲೇನಿಂದs ತರ್ತಿದ್ದೆ. ರಾತ್ರಿ ರೈಲಿಗೆ ಹೋಗಿ ಮಲ್ಟಿಮೀಡಿಯಾ ಕಿಟ್ ಬಗಲಾಗ ಇಟ್ಕೊಂಡು ಬರೋದು: ಒಂದು ಡಬ್ಬಿಯೊಳಗ ಸಿಡಿ ಡ್ರೈವ್, ಸೌಂಡ್ ಕಾರ್ಡು, ಎರಡು ಸ್ಪೀಕರು. ಈಗ ಅಲ್ಲಿ ಹೊಸ ಮಾಲಿನವರು ಐಎಸ್‌ಎ ಅಂದ್ರ ಮುಖ ನೋಡ್ತಾರ. ಕೋಠಿ ಕಡೆ ಹಳೇ ಸಾಮಾನಿನವರನ್ನ ಕೇಳು. ಕಾರ್ಡಿನ ಹೆಸರು ಹೇಳಿದ್ರ ರೇಟ್ ಏರ್ತೈತಿ, "ಉದ್ದ ಕಪ್ಪು ಸ್ಲಾಟಿನ ಕಾರ್ಡ್ ಏನರ ಅದಾವೇನ್ರಿ" ಅನ್ನು, ಸಾಕು. ಕೆಪಾಸಿಟರ್ ಉಬ್ಬಿದ್ರ ಬಿಡು. ನಮ್ಮ ರಾಯಚೂರಿನ ಬಿಸಿಲಿಗೆ ಉಬ್ಬಿದ್ದು ಇನ್ನೂ ಉಬ್ಬತಾವ.

ಕೈಯಾಗ ಬೆಸುಗೆ ಕೆಲಸ ಇದ್ದೋರಿಗೆ ಪಿಕೊಗಸ್ ಅಂತ ಹೊಸದು ಐತಿ. ರಾಸ್ಪ್‌ಬೆರಿ ಪೈ ಪಿಕೊ ಇಟ್ಟು ಮಾಡಿದ ಐಎಸ್‌ಎ ಕಾರ್ಡು. ಗ್ರಾವಿಸ್ ಅಲ್ಟ್ರಾಸೌಂಡ್, ಆಡ್‌ಲಿಬ್, ಸೌಂಡ್ ಬ್ಲಾಸ್ಟರ್, ಯಾವ ವೇಷ ಬೇಕೋ ಹಾಕ್ತೈತಿ. ಭತ್ತಗ ಸೇರ್ತೈತಿ.

ಕೆಂಪುಮಣ್ಣಿಗೆ ಕಡೀ ಮಾತು. ನಿನ್ನ ಮಷಿನ್ನಿನಾಗ ಸಿಡಿ ಡ್ರೈವ್ ಇದ್ರ ಅದರ ಬೆನ್ನಿನಿಂದ ಕಾರ್ಡಿಗೆ ನಾಕು ತಂತಿಯ ಸಣ್ಣ ಕೇಬಲ್ ಐತೇನು ನೋಡು. ಕ್ವೇಕ್ ಅಂಥ ಆಟದ ಸಂಗೀತ ಹಾಡಿನ ಸಿಡಿಯಂಗ ಅದೇ ತಟ್ಟೆ ಮ್ಯಾಲ ಇರ್ತೈತಿ, ಆ ಕೇಬಲಿನ ಮ್ಯಾಲ ಹಾದು ಬರ್ತೈತಿ. ಅದಿಲ್ಲಾಂದ್ರ ಆಟ ನಡೀತೈತಿ, ಹಾಡಿರಂಗಿಲ್ಲ. ಆಗ ಮತ್ತ ಇಲ್ಲಿ ಬಂದು "ಸದ್ದು ಬರ್ತೈತೆ ಹಾಡು ಬರ್ತಿಲ್ಲ" ಅಂತ ಬರೀತಿ.

ಕೆಂಪುಮಣ್ಣು, ಬಳ್ಳಾರಿ · ಬುಧವಾರ ರಾತ್ರಿ 8:50

ಎಲೆಕ್ಟ್ರಿಷಿಯನ್ ಬಂದು ನೋಡಿದ. ಸಾಕೆಟ್ಟಿನ ಮೂರನೇ ತೂತಿಗೆ ತಂತೀನೇ ಎಳೆದಿರ್ಲಿಲ್ಲ, ಬರೀ ತೂತು. ಅರ್ಥ್ ಗುಂಡಿ ಹಿತ್ತಲಲ್ಲಿ ಐತೆ, ಅದರ ಮೇಲೆ ಅಮ್ಮ ತುಳಸಿ ಕುಂಡ ಇಟ್ಟಿದ್ಲು. ಈಗ ತಂತಿ ಎಳೆಸಿದ್ದಾಯ್ತು. ಜುಮ್ ಹೋಯ್ತು, ಗುಂಯ್ ಹೋಯ್ತು. ಮಿಕ್ಸರಿನಲ್ಲಿ ಮೈಕ್ ಪೂರ್ತಿ ಏರಿಸಿಟ್ಟಿದ್ರು ಯಾರೋ. ಇಳಿಸಿದ ಮೇಲೆ ಚಿರ್ ಚಿರ್ರೂ ಇಲ್ಲ. ಸುಯ್ ಸ್ವಲ್ಪ ಐತೆ, ರಾತ್ರಿ ಫ್ಯಾನ್ ಆಫ್ ಮಾಡಿದ್ರೆ ಮಾತ್ರ ಕೇಳಿಸ್ತೈತೆ. ಬಳ್ಳಾರಿಯಲ್ಲಿ ಫ್ಯಾನ್ ಆಫ್ ಮಾಡೋರ್ ಯಾರು.

ನಿನ್ನೆ ಸಂಜೆ ಮಾಮ ಬಂದಿದ್ರು. ಒಗ್ಗಾಣಿ ಮಿರ್ಚಿ ತಿನ್ನುತ್ತಾ ಸುಮ್ಮನೆ ನೋಡ್ತಾ ನಿಂತಿದ್ರು. ಆಮೇಲೆ ಕೈ ಒರೆಸ್ಕೊಂಡು ಕೂತ್ರು. ಬಾಣದ ಕೀ ಹುಡುಕ್ಲೇ ಇಲ್ಲ, ಬೆರಳು ತಾನೇ ಹೋಯ್ತು. ಮೊದಲನೇ ಹಂತದಲ್ಲಿ ಗುಟ್ಟಿನ ಬಾಗಿಲು ಎಲ್ಲೈತೆ ಅಂತ ಅವರಿಗೆ ಗೊತ್ತಿತ್ತು! ಓದೋಕೆ ಬಂದೀರಾ ಆಡೋಕೆ ಬಂದೀರಾ ಅಂತ ಕೇಳ್ತಿದ್ದ ಮನುಷ್ಯ. ಕೇಳಿದ್ರೆ "ಹುಡುಗರು ಮನೆಗೆ ಹೋದ್ಮೇಲೆ ಮಷಿನ್ ಚೆಕ್ ಮಾಡ್ಬೇಕಿತ್ತಲ್ಲ" ಅಂದ್ರು.

ಸಿಡಿ ಕೇಬಲ್ ಇಲ್ಲ ಅಣ್ಣಾ. ಹುಡುಕ್ತೀನಿ.

ಗಂಗಾವತಿ ಭತ್ತ · ಬುಧವಾರ ರಾತ್ರಿ 9:02

ಆ ನೆಟ್‌ವರ್ಕ್ ಕಾರ್ಡ್ ಬ್ಯಾಡಂದ್ರ ನನಗ ಕೊಡಣ್ಣ. ನಮ್ಮ ಕಾಕಾನ ಮಿಲ್ಲಿನ ಆಫೀಸಿನಾಗ ಒಂದು ಪೆಂಟಿಯಂ ಧೂಳು ತಿನ್ನಕತ್ತೈತಿ.

ತೀನ್‌ಕಂದೀಲ್, ರಾಯಚೂರು · ಬುಧವಾರ ರಾತ್ರಿ 9:04

ಅದಕ್ಕೂ ಡಾಸ್‌ಬಾಕ್ಸ್ ಹಾಕಬೇಕಿತ್ತಲ್ಲೋ?

ಗಂಗಾವತಿ ಭತ್ತ · ಬುಧವಾರ ರಾತ್ರಿ 9:05

ಮೊದಲು ಮುಚ್ಚಳ ಬಿಚ್ಚಿ ನೋಡ್ತೀನ್ರಿ ಸರ. ಒಳಗ ಹಲ್ಲಿ ಸಂಸಾರ ಐತಿ.